ತಪಸ್ಸುಕಾಲ: ಬಳ್ಳಾರಿ ಸೀಮೆಯಲ್ಲಿ ಕ್ರೈಸ್ತ ವ್ರತಶಿಸ್ತಿನ ಇತಿಹಾಸ

ತಪಸ್ಸುಕಾಲವು ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚೆ ಕ್ರೈಸ್ತರು ಪ್ರಾರ್ಥನೆ, ಉಪವಾಸ ಮತ್ತು ದಾನಧರ್ಮಗಳಲ್ಲಿ ಕಳೆಯುವ ನಲವತ್ತು ದಿನಗಳ ಅವಧಿ. ಯೇಸು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದನ್ನು ಇದು ನೆನೆಯುತ್ತದೆ. ಬೂದಿ ಬುಧವಾರದಂದು ಆರಂಭವಾಗುವ ಈ ಕಾಲಕ್ಕೆ ಪಂಚಾಂಗದಲ್ಲಿ 46 ದಿನಗಳಾಗುತ್ತವೆ. ಭಾನುವಾರಗಳು ಪುನರುತ್ಥಾನದ ದಿನಗಳಾದ್ದರಿಂದ ಉಪವಾಸದ ಎಣಿಕೆಗೆ ಸೇರುವುದಿಲ್ಲ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದನ್ನು ಲೆಂಟ್ ಎಂದೇ ಕರೆಯುವುದು ರೂಢಿ. ಈ ವ್ರತವನ್ನು ಒಬ್ಬೊಬ್ಬ ಭಕ್ತನ ದೇಹದಂಡನೆ ಎಂದು ವಿವರಿಸುವವರಿದ್ದಾರೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಜೊತೆಗಿರುವವರ ಸಲುವಾಗಿ, ಜೊತೆಗಿರುವವರೊಂದಿಗೆ ಹೊತ್ತಾಗ ಮಾತ್ರ ಈ ಶಿಸ್ತು ಬಾಳಿದೆ. ಹಸಿವನ್ನು ಬಹಳ ಕಂಡ ಬಳ್ಳಾರಿ ಸೀಮೆಯಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಆದಿಸಭೆಯ ದಾಖಲೆಗಳೇ ಇದಕ್ಕೆ ಮೊದಲ ಸಾಕ್ಷಿ. ದೀಕ್ಷಾಸ್ನಾನ ಪಡೆಯಲಿರುವವರು ಉಪವಾಸವಿದ್ದಾಗ ಸಭೆಯವರೂ ಅವರೊಡನೆ ಉಪವಾಸವಿರುತ್ತಿದ್ದರೆಂದು ಎರಡನೆಯ ಶತಮಾನದ ನಡುವೆ ಕ್ರೈಸ್ತ ಲೇಖಕ ಜಸ್ಟಿನ್ ಬರೆದಿದ್ದಾನೆ. ಅದೇ ಶತಮಾನದ ಕೊನೆಗೆ ಬಿಷಪ್ ಐರೇನಿಯಸ್, ಪಾಸ್ಖದ ಮುನ್ನ ಕೆಲವರು ಒಂದು ದಿನ, ಕೆಲವರು ಎರಡು ದಿನ, ಮತ್ತೆ ಕೆಲವರು ನಲವತ್ತು ಗಂಟೆ ಉಪವಾಸವಿರುವುದನ್ನು ತಿಳಿಸಿ, ಈ ಭೇದದಿಂದ ಒಗ್ಗಟ್ಟು ಮುರಿಯಬಾರದೆಂದು ವಾದಿಸಿದ. 325ರ ನೈಸೀಯ ಮಹಾಸಭೆಯ ಐದನೆಯ ನಿಯಮದ ಹೊತ್ತಿಗೆ ‘ನಲವತ್ತರ ಕಾಲ’ ಪರಿಚಿತ ಹೆಸರಾಗಿತ್ತು. ಐದನೆಯ ಶತಮಾನದ ಜಗದ್ಗುರು (ಪೋಪ್) ಮಹಾ ಲಿಯೋ ತನ್ನ ತಪಸ್ಸುಕಾಲದ ಪ್ರವಚನಗಳಲ್ಲಿ ಉಪವಾಸವನ್ನೂ ಬಡವರಿಗೆ ನೀಡುವ ದಾನವನ್ನೂ ಬಿಡಿಸಲಾಗದಂತೆ ಹೆಣೆದ. ಹೀಗೆ ದಿನಗಳ ಸಂಖ್ಯೆ ಬದಲಾಗುತ್ತ ಬಂದಿತು. ಕೂಡಿ ನಡೆಸುವ ವ್ರತ ಎಂಬ ಲಕ್ಷಣ ಮಾತ್ರ ಉಳಿಯಿತು.

ಬಳ್ಳಾರಿಯ ಮಟ್ಟಿಗೆ ಇಲ್ಲೊಂದು ಆಕ್ಷೇಪ ಏಳುತ್ತದೆ. 1810ರಲ್ಲಿ ಇಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನರಿ ಸೊಸೈಟಿಯವರು. 1795ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಹೆಚ್ಚಿನವರು ಕಾಂಗ್ರಿಗೇಷನಲ್ ಪರಂಪರೆಯವರು; ಮನುಷ್ಯರು ಗೊತ್ತುಮಾಡಿದ ವ್ರತದಿನಗಳಿಗೆ ಆ ಪರಂಪರೆ ಮಹತ್ವ ಕೊಟ್ಟದ್ದಲ್ಲ. ಹಾಗಿದ್ದರೆ ಈ ಊರಿನ ಹಳೆಯ ಪ್ರೊಟೆಸ್ಟೆಂಟ್ ಸಭೆಯನ್ನು ತಪಸ್ಸುಕಾಲದ ಚರಿತ್ರೆಯಲ್ಲಿ ಸೇರಿಸುವುದು ಸರಿಯೇ? ಪಂಚಾಂಗವನ್ನಷ್ಟೇ ನೋಡಿದರೆ ಸರಿಯಲ್ಲ. ಆದರೆ ಹ್ಯಾಂಡ್ಸ್ ಮತ್ತು ಅದೇ ಸಂಸ್ಥೆಯ ವಿಲಿಯಂ ರೀವ್ ಅವರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಉಪವಾಸವನ್ನು ಊರಿಗೆ ತೋರಿಸಿಕೊಳ್ಳಬಾರದೆಂಬ ಮತ್ತಾಯನ ಸುವಾರ್ತೆಯ ಬೋಧೆ, ಹಸಿದವರಿಗೆ ಅನ್ನ ಹಂಚುವುದೇ ದೇವರು ಮೆಚ್ಚುವ ಉಪವಾಸವೆಂಬ ಯೆಶಾಯನ ಐವತ್ತೆಂಟನೆಯ ಅಧ್ಯಾಯ, ಇವೆರಡೂ ಕನ್ನಡ ಓದಬಲ್ಲವರಿಗೆಲ್ಲ ದಕ್ಕಿದವು. ವ್ರತದ ದಿನಗಳಿಗಿಂತ ಮೊದಲು ವ್ರತದ ಅರ್ಥವೇ ಇಲ್ಲಿ ಅಚ್ಚಾಯಿತು ಎನ್ನಬೇಕು. ಈ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆಯನ್ನೂ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ ಮತ್ತು ಮೆಥಡಿಸ್ಟರೊಡನೆ ದಕ್ಷಿಣ ಭಾರತ ಸಭೆಯನ್ನೂ ಸೇರಿದವು. ಆಂಗ್ಲಿಕನ್ನರು ಕಾಪಾಡಿಕೊಂಡು ಬಂದಿದ್ದ ಲೆಂಟ್ ಹೊಸ ಸಭೆಯ ಆರಾಧನಾ ವರ್ಷದ ಭಾಗವಾಯಿತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಬರದ ಸೀಮೆಯಲ್ಲಿ ಉಪವಾಸವನ್ನು ಬೋಧಿಸುವುದು ಕ್ರೌರ್ಯವಲ್ಲವೇ? 1876–78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಜಿಲ್ಲೆ ಘೋರವಾಗಿ ನಲುಗಿತು. 1871 ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿನ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಸಿಯಿತು. 1877ರಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ್ದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ್ದ. ಹಾಗೆ ಹೇರಿದ ಹಸಿವಿನಲ್ಲಿ ಯಾವ ಪುಣ್ಯವೂ ಇಲ್ಲ. ಅದನ್ನು ತಪಸ್ಸೆಂದು ಕರೆಯುವುದು ಸತ್ತವರಿಗೆ ಮಾಡುವ ಅವಮಾನ. ಹೇರಿದ ಹಸಿವಿಗೂ ಇಚ್ಛೆಯ ಉಪವಾಸಕ್ಕೂ ಇರುವ ಭೇದವನ್ನು ಸಭೆಯ ನಿಯಮಗಳೂ ಒಪ್ಪುತ್ತವೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಉಪವಾಸದ ಕಟ್ಟಳೆ 18 ತುಂಬಿದವರಿಂದ 60ನೆಯ ವರ್ಷಕ್ಕೆ ಕಾಲಿಡುವವರೆಗಿನವರಿಗೆ ಮಾತ್ರ. ರೋಗಿಗಳೂ ಕಷ್ಟದ ದುಡಿಮೆಯವರೂ ವಿನಾಯಿತಿ ಪಡೆಯಬಹುದು. ಉಣ್ಣಲು ಇರುವವನು ತನ್ನ ಇಚ್ಛೆಯಿಂದ ಬಿಟ್ಟ ತುತ್ತು ಇಲ್ಲದವನಿಗೆ ಮುಟ್ಟಿದಾಗಲೇ ಅದು ವ್ರತವಾಗುತ್ತದೆ.

ಕಥೋಲಿಕ ಆಚರಣೆ ಈ ಸೀಮೆಯಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೆ. ಮೊದಲ ಬಿಷಪ್ ಜಾನ್ ಫಾರೆಸ್ಟ್ ಹೋಗನ್ ಫ್ರಾನ್ಸಿಸ್ಕನ್ ಸಂನ್ಯಾಸಿ. ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆದು ತಪಸ್ಸುಕಾಲದ ಶುಕ್ರವಾರಗಳಲ್ಲಿ ನಡೆಸುವ ಶಿಲುಬೆಯ ಹಾದಿಯನ್ನು ಜಗತ್ತಿಗೆಲ್ಲ ಹರಡಿದ್ದೂ ಇದೇ ಪರಂಪರೆ. ಅದರ ಹದಿನಾಲ್ಕು ಸ್ಥಳಗಳ ಸಂಖ್ಯೆ 1731ರಲ್ಲಿ ಸ್ಥಿರವಾಯಿತು. ನಡೆಯುವುದು, ನಿಲ್ಲುವುದು, ಮೊಣಕಾಲೂರುವುದು, ಮತ್ತೆ ಎದ್ದು ನಡೆಯುವುದು: ಓದು ಬರಹ ಬಾರದವರೂ ಮೈಯಿಂದಲೇ ಕಲಿಯುವ ಸಹನೆಯ ಪಾಠವಿದು, ಅದೂ ಗುಂಪಿನಲ್ಲಿ. 1966ರಲ್ಲಿ ಜಗದ್ಗುರು ಆರನೆಯ ಪೌಲ್ ಉಪವಾಸದ ಕಡ್ಡಾಯವನ್ನು ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿ, ಒಂದು ಪೂರ್ಣ ಊಟಕ್ಕೆ ಅವಕಾಶ ಕೊಟ್ಟಾಗ ಶಿಸ್ತು ಸಡಿಲವಾಯಿತೆಂದು ಕೊರಗಿದವರುಂಟು. ಆದರೆ 1963ರಲ್ಲೇ ಎರಡನೆಯ ವ್ಯಾಟಿಕನ್ ಮಹಾಸಭೆ, ತಪಸ್ಸುಕಾಲದ ಪ್ರಾಯಶ್ಚಿತ್ತ ಅಂತರಂಗದಲ್ಲೇ ಮುಗಿಯದೆ ಸಾಮಾಜಿಕವೂ ಆಗಿರಬೇಕೆಂದು ವಿಧಿಸಿತ್ತು. ಕಟ್ಟಳೆಯ ಭಾರ ಇಳಿದಷ್ಟೂ ಆಯ್ಕೆಯ ಹೊಣೆ ಏರಿತು. 1962ರಲ್ಲಿ ಆರಂಭವಾದ ಕಥೋಲಿಕ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲೂ ನಡೆಸುವ ನಿಧಿಸಂಗ್ರಹ ಅಭಿಯಾನ ಈ ಹೊಣೆಗೆ ಸಿಕ್ಕ ರೂಪ.

ಇದು ಪರದೇಶದಿಂದ ಬಂದ ವ್ರತ, ಇಲ್ಲಿನ ಬದುಕಿಗೆ ಹೊರಗಿನದು ಎಂಬ ಮಾತೂ ಕೇಳಿಬರುತ್ತದೆ. ಹುಟ್ಟಿದ ನೆಲ ಬೇರೆ ಎಂಬುದು ನಿಜ. ನೆರೆಹೊರೆ ಮಾತ್ರ ಇಲ್ಲಿನದೇ. ಶಿವರಾತ್ರಿಯ ಉಪವಾಸ ಜಾಗರಣೆಗಳೂ ಕುರುಗೋಡಿನ ದೊಡ್ಡಬಸವೇಶ್ವರನ ತೇರೂ ಸುಮಾರಾಗಿ ಇದೇ ದಿನಗಳಲ್ಲಿ ಬರುತ್ತವೆ. 2025ರಲ್ಲಿ ರಂಜಾನ್ ಕೂಡ ಇದರ ಜೊತೆಗೇ ಬಂದಿತು. ಹೊಟ್ಟೆಯನ್ನು ಹಿಡಿತದಲ್ಲಿಟ್ಟು ಮನಸ್ಸನ್ನು ದೇವರತ್ತ ತಿರುಗಿಸುವುದು ಈ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ದುಡಿಮೆಗೂ ಇದು ಬಿಡುವಿನ ಕಾಲವಲ್ಲ. ಸಿರುಗುಪ್ಪದ ಕಡೆ ತುಂಗಭದ್ರಾ ನೀರಿನಲ್ಲಿ ಬೇಸಿಗೆ ಭತ್ತ ನಿಂತಿರುತ್ತದೆ, ಕುರುಗೋಡು ಸುತ್ತ ಮೆಣಸಿನಕಾಯಿ ಬಿಡಿಸುವ ಕೆಲಸ ಇರುತ್ತದೆ, ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕಗಳು ನಿಲ್ಲುವುದಿಲ್ಲ. ಬಿಸಿಲು ದಿನದಿನಕ್ಕೆ ಏರುತ್ತದೆ. ಇಂಥ ದುಡಿಮೆಗಾರರಿಗೆ ಮಠದ ಕಠೋರ ನಿಯಮ ಹೊಂದದು. ಒಂದು ಹೊತ್ತಿನ ಮಾಂಸ ಬಿಡುವುದು, ಕುಡಿತ ಬಿಡುವುದು, ಮುನಿಸು ಮರೆಯುವುದು, ಉಳಿಸಿದ ಹಣ ತೆಗೆದಿಟ್ಟು ಕೊಡುವುದು ಹೊಂದುತ್ತದೆ. ಇವು ಸುಲಭದ ದಾರಿಗಳಲ್ಲ. ನಲವತ್ತು ದಿನ ಬಿಡದೆ ನಡೆಸಿದರೆ ಒಂದು ದಿನದ ನಿರಾಹಾರಕ್ಕಿಂತ ಇವೇ ಕಷ್ಟ.

ಆದ್ದರಿಂದ ತಪಸ್ಸುಕಾಲದ ಸಹನೆಯನ್ನು ಎಷ್ಟು ಹೊತ್ತು ಹಸಿದಿದ್ದೆವು ಎಂಬುದರಿಂದ ಅಳೆಯಲಾಗದು. ಯಾರಿಗಾಗಿ ಹಸಿದೆವು, ಯಾರ ಜೊತೆಗೆ ಹಸಿದೆವು ಎಂಬುದೇ ಅದರ ಅಳತೆಗೋಲು. ಎರಡನೆಯ ಶತಮಾನದ ಸಭೆಗೆ ಸಲ್ಲುತ್ತಿದ್ದ ಈ ಅಳತೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸಭೆಗಳಿಗೂ ಸಲ್ಲುತ್ತದೆ.