ರಾಜಗಡದಿಂದ ಜಿಂಜಿಯವರೆಗೆ: ಒಂದು ದೂರದ ನಡಿಗೆಯ ಸಿದ್ಧತೆ

ನಮ್ಮ ಭೋಸರಿಯ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಹೊಸ ಹುರುಪು ಕಾಣುತ್ತಿದೆ. ಕಾಲೇಜಿಗೆ ಹೋಗುವ ಹುಡುಗರು, ಎಂ.ಐ.ಡಿ.ಸಿ.ಯ ಕಾರ್ಖಾನೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತರುಣರು, ನಾಲ್ಕು ದಿನ ರಜೆ ಒಟ್ಟಿಗೆ ಸಿಕ್ಕಿತೆಂದರೆ ಬೆನ್ನಿಗೆ ಚೀಲ ಏರಿಸಿ ರಾಜಗಡ, ತೋರಣಾ, ರಾಯಗಡ ಎಂದು ಹೊರಡುತ್ತಾರೆ. ಮನೆಯ ಹಿರಿಯರಿಗೆ ಇದು ಕಾಡು ಅಲೆಯುವ ಹುಚ್ಚು. ಹುಡುಗರಿಗೆ ಅದು ಶಿವಾಜಿ ಮಹಾರಾಜರ ದಾರಿ. ಶಾಲೆಯಲ್ಲಿ ಓದಿದ ಮರಾಠಿ ಪಾಠದ ಮುಂದುವರಿಕೆ. ಆ ದಾರಿ ರಾಯಗಡದಲ್ಲಿ ಮುಗಿಯುವುದಿಲ್ಲ, ನಮ್ಮ ಮಲೆನಾಡನ್ನು ಹಾಯ್ದು ತಮಿಳುನಾಡಿನವರೆಗೆ ಹೋಗುತ್ತದೆ ಎಂಬ ಸಂಗತಿ ಇಬ್ಬರಿಗೂ ಅಷ್ಟಾಗಿ ತಿಳಿದಂತಿಲ್ಲ. ಆ ದಾರಿಯನ್ನು ಹಿಡಿದು ನಡೆದವನು ರಾಜಾರಾಮ, ಶಿವಾಜಿಯ ಕಿರಿಯ ಮಗ. ಅವನು ಹುಟ್ಟಿದ್ದು 1670ರ ಫೆಬ್ರವರಿಯಲ್ಲಿ, ಹುಡುಗರ ನಡಿಗೆ ಆರಂಭವಾಗುವ ಆ ರಾಜಗಡದ ಮೇಲೆಯೇ.

ನಮ್ಮ ಊರಿನ ಪಕ್ಕದ ಆಳಂದಿಯ ಮುಂದೆ ಹರಿಯುವ ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. 1689ರಲ್ಲಿ ಔರಂಗಜೇಬನ ಪಾಳೆಯ ಆ ಸೀಮೆಯಲ್ಲಿತ್ತು. ಫೆಬ್ರವರಿಯಲ್ಲಿ ಸಂಗಮೇಶ್ವರದಲ್ಲಿ ಸೆರೆಸಿಕ್ಕ ಸಂಭಾಜಿಯನ್ನು ಮಾರ್ಚ್ 11ರಂದು ಅಲ್ಲಿಯೇ ಕೊಲ್ಲಿಸಲಾಯಿತು. ಅದೇ ತಿಂಗಳು, ಮುಂದೆ ಝುಲ್ಫಿಕಾರ್ ಖಾನ್ ಎಂದು ಹೆಸರಾದ ಇತಿಕಾದ್ ಖಾನ್ ರಾಯಗಡಕ್ಕೆ ಮುತ್ತಿಗೆ ಹಾಕಿದ. ಕೋಟೆಯೊಳಗೆ ಸಂಭಾಜಿಯ ವಿಧವೆ ಯೇಸೂಬಾಯಿ, ಅವಳ ಏಳು ವರ್ಷದ ಮಗ ಶಾಹು, ಹತ್ತೊಂಬತ್ತರ ಮೈದುನ ರಾಜಾರಾಮ. ಮೂವರೂ ಸಿಕ್ಕಿಬಿದ್ದರೆ ರಾಜ್ಯವೇ ಮುಗಿದಂತೆ.

ಆಗ ನಡೆದ ಸಮಾಲೋಚನೆಯಲ್ಲಿ ಯೇಸೂಬಾಯಿಯ ಮಾತೇ ಮುಖ್ಯವಾಯಿತೆಂದು ಮರಾಠಿ ಇತಿಹಾಸಕಾರರು ಬರೆಯುತ್ತಾರೆ. ಮೈದುನ ಹೊರಗೆ ಹೋಗಬೇಕು, ತಾನು ಮಗನೊಂದಿಗೆ ಕೋಟೆಯಲ್ಲಿ ಉಳಿಯಬೇಕು. ಯಾವ ಯಾತ್ರೆಯ ಯೋಜನೆಯಲ್ಲಾದರೂ ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದೇ ಮೊದಲ ಪ್ರಶ್ನೆ. ಈ ಹೆಣ್ಣುಮಗಳು ತನ್ನ ಮಗನನ್ನು ಪಣಕ್ಕಿಟ್ಟು ಅದಕ್ಕೆ ಉತ್ತರ ಹೇಳಿದಳು. ನವೆಂಬರಿನಲ್ಲಿ ಕೋಟೆ ಬಿದ್ದಾಗ ಅವಳು ಮಗನೊಂದಿಗೆ ಸೆರೆಯಾದಳು. ಶಾಹುವಿಗೆ ಬಿಡುಗಡೆ ಸಿಕ್ಕಿದ್ದು 1707ರಲ್ಲಿ. ಅವಳಿಗೆ 1719ರಲ್ಲಿ, ಮೂವತ್ತು ವರ್ಷಗಳ ಮೇಲೆ. ರಾಯಗಡದ ಮೇಲೆ ಶಿವಾಜಿಯ ಸಮಾಧಿಗೆ ಕೈಮುಗಿಯುವ ನಮ್ಮ ಮಕ್ಕಳು ಈ ತಾಯಿಯನ್ನೂ ಒಂದು ಗಳಿಗೆ ನೆನೆದರೆ ತಪ್ಪೇನಿಲ್ಲ.

ಏಪ್ರಿಲ್ 5ರಂದು ರಾಜಾರಾಮ ಕೋಟೆಯಿಂದ ಇಳಿದ. ಕಡಿದಾದ ವಾಘ್ ದರವಾಜಾದ ಕಡೆಯಿಂದ ಎಂದು ಹೇಳುತ್ತಾರೆ. ಮೊದಲು ಪ್ರತಾಪಗಡ, ಆಮೇಲೆ ಪನ್ಹಾಳಾ. ಮಳೆಗಾಲ ಕಳೆಯಿತು. ಪನ್ಹಾಳೆಗೂ ಮೊಗಲರು ಬಂದರು. ಇನ್ನು ಉಳಿದದ್ದು ಶಿವಾಜಿ 1677ರಲ್ಲಿ ಗೆದ್ದಿದ್ದ ದೂರದ ಜಿಂಜಿ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಪನ್ಹಾಳೆಯಿಂದ ಜಿಂಜಿಗೆ 750 ಕಿಲೋಮೀಟರು ಆಗುತ್ತದೆ.

ದಾರಿ ಯಾವುದು? ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ಕೈಸೇರಿದ್ದವು. ಆದ್ದರಿಂದ ಬಯಲುಸೀಮೆಯ ಸುಲಭದ ದಾರಿಗಳೆಲ್ಲ ಶತ್ರುವಿನ ಠಾಣೆಗಳ ನಡುವೆಯೇ ಹೋಗುತ್ತಿದ್ದವು. ಮರೆಯಿದ್ದದ್ದು ಪಡುವಣದ ಮಲೆನಾಡಿನಲ್ಲಿ, ಕೆಳದಿಯ ರಾಜ್ಯದಲ್ಲಿ. ಹೊರಟಿದ್ದು ಸೆಪ್ಟೆಂಬರ್ 26ರಂದು. ಮಳೆ ಹಿಂದೆಗೆದು ಹೊಳೆಗಳು ಇಳಿಯತೊಡಗುವ, ಬೆಟ್ಟದ ಒರತೆಗಳು ಇನ್ನೂ ಬತ್ತದ ಕಾಲವದು. ಸಂಗಡ ಪ್ರಹ್ಲಾದ ನಿರಾಜಿ, ಖಂಡೋ ಬಲ್ಲಾಳ, ರೂಪಾಜಿ ಭೋಸಲೆ ಮೊದಲಾದ ಆಯ್ದ ಜನ. ವೇಷ ಲಿಂಗಾಯತ ಯಾತ್ರಿಕರದು. ಇದರ ಜಾಣತನವನ್ನು ಕನ್ನಡಿಗರಾದ ನಾವು ಚೆನ್ನಾಗಿ ಬಲ್ಲೆವು. ಯಾತ್ರೆ ಹೊರಟ ಶರಣರಿಗೆ ನಮ್ಮ ನಾಡಿನಲ್ಲಿ ಊರೂರಿಗೆ ಮಠವುಂಟು, ದಾಸೋಹವುಂಟು. ಬುತ್ತಿ ಹೊರಬೇಕಿಲ್ಲ, ಎಲ್ಲಿಂದ ಬಂದಿರಿ ಎಂದು ಕೆದಕುವವರೂ ಕಡಿಮೆ. ಆದರೆ ಆ ವೇಷಕ್ಕೆ ನಾಲಗೆಯ ಮೇಲೆ ಕನ್ನಡ ಬೇಕು. ರಾಜಾರಾಮನ ಅಜ್ಜ ಶಹಾಜಿ ಬೆಂಗಳೂರನ್ನು ಜಹಗೀರಿಯಾಗಿ ಪಡೆದು ಆಳಿ, 1664ರಲ್ಲಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ತೀರಿಕೊಂಡವನು. ಅವನ ಸಮಾಧಿ ಇಂದಿಗೂ ಅಲ್ಲಿದೆ. ಆ ಮನೆತನದ ಸೇವಕವರ್ಗದಲ್ಲಿ ಕನ್ನಡ ಬಲ್ಲವರು ಧಾರಾಳವಾಗಿ ಇದ್ದಿರಬೇಕೆಂದು ನನ್ನ ಊಹೆ.

ಯೋಜನೆ ಎಷ್ಟೇ ಚೆನ್ನಾಗಿದ್ದರೂ ದಾರಿ ತನ್ನ ಬುದ್ಧಿ ಬಿಡುವುದಿಲ್ಲ. ತುಂಗಭದ್ರೆಯ ಕಡೆ ಮೊಗಲರ ಪಡೆಯೊಂದು ಇವರನ್ನು ಮುತ್ತಿತು. ರೂಪಾಜಿ ಭೋಸಲೆಯಂಥವರು ಅಡ್ಡ ನಿಂತು ಕಾದಾಡಿದ್ದರಿಂದ ರಾಜಾರಾಮ ಕತ್ತಲಲ್ಲಿ ಪಾರಾದ. ಮುಂದೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ನೆರವು. ಇಲ್ಲಿ ಸ್ವಲ್ಪ ನಿಲ್ಲಬೇಕು. ಇದೇ ಕೆಳದಿ ರಾಜ್ಯದ ಬಸರೂರು ಬಂದರನ್ನು 1665ರಲ್ಲಿ ಹಡಗುಗಳಲ್ಲಿ ಬಂದು ಕೊಳ್ಳೆಹೊಡೆದವನು ಶಿವಾಜಿ. ಅವನ ಮಗ ಈಗ ಬರಿಗೈಯಲ್ಲಿ ಬಾಗಿಲಿಗೆ ಬಂದಿದ್ದಾನೆ. ಬೆನ್ನ ಹಿಂದೆ ಆಲಂಗೀರನ ಸೈನ್ಯ. 1672ರಿಂದ ಒಬ್ಬಂಟಿಯಾಗಿ ರಾಜ್ಯ ನಡೆಸುತ್ತಿದ್ದ ವಿಧವೆ ರಾಣಿಗೆ ಹಳೆಯ ಲೆಕ್ಕ ತೆಗೆಯಲು ಇದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. ಅವಳು ಆಶ್ರಯ ಕೊಟ್ಟಳು, ದಾರಿ ತೋರಿಸಿ ಕಳಿಸಿದಳು. ಅದಕ್ಕಾಗಿ ಔರಂಗಜೇಬನ ದಂಡು ಅವಳ ರಾಜ್ಯದ ಮೇಲೆ ಬಂದಿತು. ಮೊಗಲರ ಕಡೆಯವರು ಅವಳಿಂದ ದಂಡ ಕಟ್ಟಿಸಿಕೊಂಡೆವೆಂದು ಬರೆದರು. ನಮ್ಮ ಕಡೆಯ ಪರಂಪರೆ ಅವಳು ಗೆದ್ದಳೆನ್ನುತ್ತದೆ. ಎರಡರಲ್ಲಿ ಯಾವುದೇ ನಿಜವಾಗಲಿ, ಅವಳು ಅತಿಥಿಯನ್ನು ಒಪ್ಪಿಸಲಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದಲ್ಲಿಯೂ ಈ ಪ್ರಸಂಗ ಬರುತ್ತದೆ. ಗಡಿಯ ತಂಟೆ ಎದ್ದು ಕೊಲ್ಲಾಪುರ, ನಿಪ್ಪಾಣಿಯ ಬಸ್ಸುಗಳು ನಿಂತಾಗಲೆಲ್ಲ ನನಗೆ ಈ ರಾಣಿಯ ನೆನಪಾಗುತ್ತದೆ.

ಬೆಂಗಳೂರಿನಲ್ಲಿ ಇನ್ನೊಂದು ಗಂಡಾಂತರ. ಅಜ್ಜನ ಊರು ಆಗ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಯಲ್ಲಿತ್ತು. ಅವರು ಮೊಗಲರ ಕಡೆಗೆ ಸ್ನೇಹದಿಂದಿದ್ದರು. ಬಖರುಗಳು ಹೇಳುವಂತೆ, ಯಾತ್ರಿಕರ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಉಳಿದವರು ಕಾಲು ತೊಳೆಯುತ್ತಿದ್ದುದು ಯಾರದೋ ಕಣ್ಣಿಗೆ ಬಿತ್ತು. ವೇಷ ಬದಲಾಯಿಸಿದರೂ ಮೈಗೆ ಹತ್ತಿದ ರೂಢಿ ಬದಲಾಗಿರಲಿಲ್ಲ! ಸುಳಿವು ಹತ್ತಿದೊಡನೆ ಗುಂಪು ಒಡೆಯಿತು. ರಾಜಾರಾಮನನ್ನು ಬೇರೆ ದಾರಿಯಿಂದ ಸಾಗಹಾಕಿ ಖಂಡೋ ಬಲ್ಲಾಳ ಮತ್ತು ಕೆಲವರು ಹಿಂದೆ ಉಳಿದರು. ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರೂ 'ನಾವು ಯಾತ್ರಿಕರು' ಎಂಬ ಮಾತು ಬಿಟ್ಟು ಎರಡನೆಯದು ಹೊರಡಲಿಲ್ಲ. ಕೊನೆಗೆ ಬಿಟ್ಟರು. ಅಕ್ಟೋಬರ್ ಕೊನೆಗೆ ರಾಜಾರಾಮ ವೆಲ್ಲೂರು ಮುಟ್ಟಿದ್ದ. ನವೆಂಬರ್ ಮೊದಲಲ್ಲಿ ಜಿಂಜಿ ಸೇರಿದ.

ಇನ್ನು ನಮ್ಮ ಹುಡುಗರ ನಾಲ್ಕು ದಿನದ ವಿಚಾರ. ನಾಶಿಕ್ ಫಾಟಾದಲ್ಲಿ ಮೆಟ್ರೋ ಹತ್ತಿದರೆ ನೇರ ಸ್ವಾರ್‌ಗೇಟ್. ಅಲ್ಲಿಂದ ವೇಲ್ಹೆಯ ಕಡೆಗೆ ಎಸ್.ಟಿ. ಗುಂಜವಣೆ ಹಳ್ಳಿಯಿಂದ ಚೋರ್ ದರವಾಜಾ ದಾರಿಯಾಗಿ ರಾಜಗಡದ ಪದ್ಮಾವತಿ ಮಾಚಿಗೆ ಏರುವುದು ಮೊದಲ ದಿನ. ಎರಡನೆಯ ದಿನ ಸಂಜೀವನಿ ಮಾಚಿಯ ತುದಿಯಿಂದ ಆಳೂ ದರವಾಜಾ ದಾಟಿ, ಬೆಟ್ಟದ ಏಣು ಹಿಡಿದು ತೋರಣೆಯ ಬುಧಲಾ ಮಾಚಿಗೆ. ಈ ಏಣಿನ ಮೇಲೆ ನೆರಳೂ ಕಡಿಮೆ, ನೀರೂ ಕಡಿಮೆ. ತೋರಣಾ 1403 ಮೀಟರು ಎತ್ತರ. ತಲೆಗೆ ನಾಲ್ಕು ಲೀಟರು ನೀರು ಬೇಡವೇ? ಅದೇ ನಾಲ್ಕು ಕಿಲೋ ಆಯಿತು. ಆದ್ದರಿಂದ ಮಿಕ್ಕ ಸಾಮಾನಿನಲ್ಲಿಯೇ ಕಡಿತ ಮಾಡಬೇಕು. ಅಡಿಗೆಯ ಒಲೆ, ಹತ್ತು ಬಗೆಯ ತಿಂಡಿ, ಹಾಡಿನ ಪೆಟ್ಟಿಗೆ ಬೇಡ. ನಮ್ಮ ಉತ್ತರ ಕರ್ನಾಟಕದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಂಟಿನ ಉಂಡೆ ನಾಲ್ಕು ದಿನ ಕೆಡುವುದಿಲ್ಲ, ಒಲೆಯನ್ನೂ ಕೇಳುವುದಿಲ್ಲ.

ಮೂರನೆಯ ದಿನ ಭಟ್ಟಿ ಹಳ್ಳಿಯ ಕಡೆ ಇಳಿದು ಘಟ್ಟದ ಅಂಚಿನ ಮೋಹರಿಗೆ. ಇದೇ ಎಲ್ಲಕ್ಕಿಂತ ಉದ್ದದ ದಿನ. ನಾಲ್ಕನೆಯ ದಿನ ಲಿಂಗಾಣಾ ಶಿಖರವನ್ನು ನೋಡುತ್ತ ಸಿಂಗಾಪುರ ನಾಳೆಯಲ್ಲಿ ಕೊಂಕಣಕ್ಕೆ ಇಳಿದು ರಾಯಗಡ. ನಾಳೆ ಎಂದರೆ ಬಂಡೆಗಳು ಉರುಳಿಬಿದ್ದ ಹಳ್ಳದ ಇಳುಕಲು. ಮಳೆಗಾಲದಲ್ಲಿ ಅಲ್ಲಿಗೆ ಹೋಗಲೇಬಾರದು, ಬೇಸಿಗೆಯಲ್ಲಿ ಹೋಗುವುದು ದಡ್ಡತನ. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಭಟ್ಟಿಯಿಂದ ಮುಂದೆ ಹಳ್ಳಿಯವರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು ಅವರು ಕೇಳಿದ್ದನ್ನು ಚೌಕಾಸಿ ಮಾಡದೆ ಕೊಡಬೇಕು. ಕೋಟೆಯ ಮೇಲೆ ರಾತ್ರಿ ತಂಗಲು ಅನುಮತಿ ಉಂಟೋ ಇಲ್ಲವೋ ಮೊದಲೇ ವಿಚಾರಿಸುವುದು ಒಳ್ಳೆಯದು. ಇಲ್ಲವಾದರೆ ಬುಡದ ಹಳ್ಳಿಗಳಲ್ಲಿ ಊಟ, ವಸತಿ ಸಿಗುತ್ತದೆ. ಯಾವ ದಿನ ಎಲ್ಲಿರುತ್ತೀರಿ ಎಂಬುದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಕೊಟ್ಟುಹೋಗಿರಿ. ಕಣಿವೆಗಳಲ್ಲಿ ಮೊಬೈಲನ್ನು ನಂಬುವಂತಿಲ್ಲ.

2025ರ ಜುಲೈಯಲ್ಲಿ ಯುನೆಸ್ಕೋ ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಜಗಡ, ರಾಯಗಡ, ಪ್ರತಾಪಗಡ, ಪನ್ಹಾಳಾ, ಕೊನೆಗೆ ತಮಿಳುನಾಡಿನ ಜಿಂಜಿ ಅದರಲ್ಲಿವೆ. ಪನ್ಹಾಳೆಗೂ ಜಿಂಜಿಗೂ ನಡುವಿನ ಕರ್ನಾಟಕದಲ್ಲಿ ಒಂದೂ ಇಲ್ಲ. ಅದು ಮರಾಠರ ಕೋಟೆಗಳ ಪಟ್ಟಿ, ತಕರಾರು ಸಲ್ಲದು. ಆದರೆ ನಡುವಿನ ಆ ಖಾಲಿ ಜಾಗದಲ್ಲಿ ಬಿದನೂರು, ಹೊದಿಗೆರೆ, ಬೆಂಗಳೂರು ಇವೆ ಎಂದು ಮಕ್ಕಳಿಗೆ ಹೇಳುವ ಕೆಲಸ ಮನೆಯವರದೇ.

ಜಿಂಜಿಯ ಮುತ್ತಿಗೆ ವರ್ಷಗಟ್ಟಲೆ ನಡೆದು ಕೋಟೆ 1698ರಲ್ಲಿ ಬಿದ್ದಿತು. ಅದಕ್ಕೂ ಮೊದಲೇ ರಾಜಾರಾಮ ಅಲ್ಲಿಂದಲೂ ತಪ್ಪಿಸಿಕೊಂಡು ಮಹಾರಾಷ್ಟ್ರಕ್ಕೆ ಮರಳಿದ್ದ. 1700ರ ಮಾರ್ಚಿನಲ್ಲಿ, ಮೂವತ್ತರ ವಯಸ್ಸಿನಲ್ಲಿ, ಸಿಂಹಗಡದ ಮೇಲೆ ತೀರಿಕೊಂಡ. ಭಾನುವಾರ ಪಿಠಲಾ-ಭಾಕರಿ ತಿನ್ನಲು ನಾವು ಸಿಂಹಗಡಕ್ಕೆ ಹೋಗುತ್ತೇವಲ್ಲ, ಅವನ ಸಮಾಧಿ ಅಲ್ಲಿದೆ. ಆಕಾಶ ತಿಳಿಯಾಗಿದ್ದ ದಿನ ಅಲ್ಲಿ ನಿಂತು ನೈಋತ್ಯಕ್ಕೆ ನೋಡಿದರೆ ಅವನು ಹುಟ್ಟಿದ ರಾಜಗಡ ಕಾಣುತ್ತದೆ.