ಪಾಸೋ, ಟಿಕೆಟ್ಟೋ: ಯುರೋಪಿನ ರೈಲು ಪ್ರವಾಸದ ಹಳೆಯ ಲೆಕ್ಕ

1958ರ ಅಕ್ಟೋಬರಿನಲ್ಲಿ ಪ್ಯಾನ್ ಆ್ಯಮ್ ಕಂಪನಿಯ ಬೋಯಿಂಗ್ 707 ಜೆಟ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹಾರತೊಡಗಿತು. ಹಡಗಿನಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಪಯಣ ಒಂದೇ ರಾತ್ರಿಯದಾಯಿತು. ಇಳಿದವರ ಕೈಯಲ್ಲಿದ್ದದ್ದು ಎರಡು ಮೂರು ವಾರದ ರಜೆ, ಮನಸ್ಸಿನಲ್ಲಿದ್ದದ್ದು ಏಳೆಂಟು ದೇಶ. ಫ್ರಾಂಕು, ಲೀರಾ, ಮಾರ್ಕು, ಗಿಲ್ಡರು ಎಂದು ಗಡಿ ದಾಟಿದಾಗಲೆಲ್ಲ ನಾಣ್ಯ ಬದಲು, ಕೌಂಟರಿನಲ್ಲಿ ಮಾತೂ ಬದಲು. ಇಂಥ ಪ್ರವಾಸಿಗಳಿಗಾಗಿಯೇ ಪಶ್ಚಿಮ ಯುರೋಪಿನ 13 ದೇಶಗಳ ರೈಲ್ವೆಗಳು ಕೂಡಿ 1959ರಲ್ಲಿ ಯುರೇಲ್ ಪಾಸನ್ನು ಹೊರತಂದವು. ಊರು ಬಿಡುವ ಮೊದಲೇ ದುಡ್ಡು ಕಟ್ಟಿದರೆ, ಗಡುವು ಮುಗಿಯುವ ತನಕ ಆ ದೇಶಗಳ ತುಂಬ ಮೊದಲ ದರ್ಜೆಯಲ್ಲಿ ಓಡಾಡಬಹುದಿತ್ತು. ಯುರೋಪಿನ ನಿವಾಸಿಗಳಿಗೆ ಮಾತ್ರ ಅದು ಸಿಗುತ್ತಿರಲಿಲ್ಲ.

ಪಾಸಿನ ಕಲ್ಪನೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1891ರಲ್ಲೇ ಅರ್ಧ ದರದ ಕಾರ್ಡು ಬಂದಿತ್ತು, 1898ರಲ್ಲಿ ಎಲ್ಲೆಡೆ ಓಡಾಡುವ ಸಾರ್ವತ್ರಿಕ ಪಾಸೂ ಬಂದಿತು. ಎರಡೂ ಇಂದಿಗೂ ಚಾಲ್ತಿಯಲ್ಲಿವೆ. ಯುರೇಲ್ ಮಾಡಿದ ದೊಡ್ಡ ಕೆಲಸವೆಂದರೆ, ಆ ಏರ್ಪಾಟನ್ನು ಗಡಿಗಳ ಆಚೆಗೆ ಒಯ್ದದ್ದು. ಹದಿನೈದು ವರ್ಷದ ಹಿಂದಷ್ಟೇ ಒಂದರ ಮೇಲೊಂದು ಬಾಂಬು ಹಾಕಿದ್ದ ದೇಶಗಳು ಒಂದೇ ಪಾಸನ್ನು ಮಾನ್ಯ ಮಾಡಲು ಒಪ್ಪಿದವೆಂಬುದು ಸಣ್ಣ ಸಂಗತಿಯಲ್ಲ.

ಬಿಡಿ ಟಿಕೆಟ್ಟಿನ ಕಥೆ ಇನ್ನೂ ಹಳೆಯದು. ಇಂಗ್ಲೆಂಡಿನ ನ್ಯೂಕಾಸಲ್–ಕಾರ್ಲೈಲ್ ಮಾರ್ಗದಲ್ಲಿ ಸ್ಟೇಷನ್ ಮಾಸ್ತರರಾಗಿದ್ದ ಥಾಮಸ್ ಎಡ್ಮಂಡ್‌ಸನ್ 1830ರ ದಶಕದಲ್ಲಿ ಕ್ರಮಸಂಖ್ಯೆ ಅಚ್ಚಾದ ಪುಟ್ಟ ರಟ್ಟಿನ ಟಿಕೆಟ್ಟನ್ನೂ ಅದರ ಮೇಲೆ ತಾರೀಕು ಒತ್ತುವ ಯಂತ್ರವನ್ನೂ ರೂಪಿಸಿದರು. ಕಂಪ್ಯೂಟರ್ ಬರುವ ತನಕ ಕರ್ನಾಟಕದ ನಿಲ್ದಾಣಗಳಲ್ಲಿ ಟಕ್ ಎಂದು ಒತ್ತಿ ಕೊಡುತ್ತಿದ್ದದ್ದೂ ಅದೇ ರಟ್ಟು. ಯುರೋಪಿನಲ್ಲಿ ಆ ಟಿಕೆಟ್ಟಿನ ಬೆಲೆಯನ್ನು ಬಹುಮಟ್ಟಿಗೆ ದೂರವೇ ನಿರ್ಧರಿಸುತ್ತಿತ್ತು. ತಿಂಗಳ ಮೊದಲು ಕೊಂಡರೂ ರೈಲು ಬರಲು ಐದು ನಿಮಿಷವಿರುವಾಗ ಕೊಂಡರೂ ದರ ಒಂದೇ. ದೇಶ ದಾಟುವ ಟಿಕೆಟ್ಟು ಎರಡು ತಿಂಗಳು ನಡೆಯುತ್ತಿತ್ತು, ನಡುದಾರಿಯಲ್ಲಿ ಬೇಕಾದಲ್ಲಿ ಇಳಿದು ಮತ್ತೆ ಹತ್ತಬಹುದಿತ್ತು. ಹಾಗಾಗಿ ಆಗ ಸ್ವಾತಂತ್ರ್ಯದ ಮಾತಿನಲ್ಲಿ ಪಾಸಿಗೂ ಟಿಕೆಟ್ಟಿಗೂ ಅಂಥ ಅಂತರವಿರಲಿಲ್ಲ. ಹೆಚ್ಚು ಸುತ್ತುವವರಿಗೆ ಪಾಸು ಅಗ್ಗ, ಕಡಿಮೆ ಸುತ್ತುವವರಿಗೆ ಟಿಕೆಟ್ಟು ಅಗ್ಗ, ಇಷ್ಟೇ ಲೆಕ್ಕ.

ಆ ಲೆಕ್ಕವನ್ನು ಕೊನೆಯ ಪೈಸೆಯ ತನಕ ವಸೂಲು ಮಾಡಿದವರು ಹರೆಯದವರು. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ ಐವತ್ತು ತುಂಬಿದ ನೆಪದಲ್ಲಿ 1972ರ ಮಾರ್ಚ್ 1ರಂದು ಯುರೋಪಿನ ನಿವಾಸಿಗಳಿಗೆಂದೇ ಇಂಟರ್‌ರೇಲ್ ಪಾಸು ಬಂತು. 21 ದೇಶ, 21 ವರ್ಷದ ವಯೋಮಿತಿ, ಒಂದು ತಿಂಗಳ ಅವಧಿ, ಎರಡನೇ ದರ್ಜೆ. ತಾಯ್ನಾಡಿನೊಳಗೆ ಮಾತ್ರ ಅರ್ಧ ದರ ಕೊಡಬೇಕಿತ್ತು. ಒಂದು ವರ್ಷದ ಸಂಭ್ರಮಕ್ಕೆಂದು ಹೊರಟ ಯೋಜನೆ ಆ ವರ್ಷವೇ ಸುಮಾರು 87,000 ಯುವಜನರನ್ನು ಸೆಳೆಯಿತು, ಮುಂದೆ ನಿಲ್ಲಲೇ ಇಲ್ಲ. ಹಗಲು ಒಂದು ಊರು ನೋಡಿ, ರಾತ್ರಿ ರೈಲಿನ ಸೀಟಿನ ಮೇಲೋ ಓಣಿಯಲ್ಲೋ ಮಲಗಿ, ಬೆಳಿಗ್ಗೆ ಇನ್ನೊಂದು ದೇಶದಲ್ಲಿ ಮುಖ ತೊಳೆಯುವುದು ಒಂದು ಇಡೀ ಪೀಳಿಗೆಯ ರೂಢಿಯಾಯಿತು. ವಯೋಮಿತಿ 1976ರಲ್ಲಿ 23ಕ್ಕೆ, 1979ರಲ್ಲಿ 26ಕ್ಕೆ ಏರಿ, 1998ರಲ್ಲಿ ಪೂರ್ತಿ ಹೋಯಿತು.

ಅಷ್ಟರಲ್ಲಿ ರೈಲೇ ಬದಲಾಗಿತ್ತು. 1981ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್–ಲಿಯಾನ್ ನಡುವೆ ಓಡಿದ ವೇಗದ ರೈಲು ಟಿಜಿವಿಗೆ ಸೀಟು ಕಾದಿರಿಸುವುದು ಕಡ್ಡಾಯ. 1993ರಲ್ಲಿ ಫ್ರಾನ್ಸಿನ ರೈಲ್ವೆ, ಅಮೆರಿಕನ್ ಏರ್‌ಲೈನ್ಸ್‌ನ ಸೇಬರ್ ವ್ಯವಸ್ಥೆಯನ್ನು ಆಧರಿಸಿದ ಸಾಕ್ರೇಟ್ ಎಂಬ ಟಿಕೆಟ್ ತಂತ್ರಾಂಶವನ್ನು ತಂದಿತು. ವಿಮಾನದ ಹಾಗೆ ಸೀಟು ತುಂಬಿದಂತೆ ದರ ಏರುವ ಪದ್ಧತಿ ರೈಲಿಗೂ ಹೊಕ್ಕಿತು. ಜರ್ಮನಿ 2002ರ ಡಿಸೆಂಬರಿನಲ್ಲಿ ಇದೇ ಹಾದಿ ಹಿಡಿದು, ಜನರ ಮೆಚ್ಚಿನ ಅರ್ಧ ದರದ ಬಾನ್‌ಕಾರ್ಡನ್ನು ಕಿತ್ತುಹಾಕಿತು. ಪ್ರಯಾಣಿಕರು ಸಿಟ್ಟಿಗೆದ್ದರು. 2003ರ ಆಗಸ್ಟಿನಲ್ಲಿ ರೈಲ್ವೆ ಆ ಕಾರ್ಡನ್ನು ಮರಳಿ ತರಬೇಕಾಯಿತು. ಆದರೆ ಮುಂಚಿತವಾಗಿ ಕೊಂಡವರಿಗೆ ಅಗ್ಗದ ದರವೆಂಬ ನೀತಿ ಉಳಿದುಕೊಂಡಿತು.

ಅಲ್ಲಿಂದೀಚೆಗೆ ಪಾಸು ಕೊಡುವ ವಸ್ತುವೇ ಬೇರೆಯಾಯಿತು. ಮೊದಲೇ ದಿನ, ವೇಳೆ, ರೈಲು ಗೊತ್ತುಪಡಿಸಿಕೊಂಡವರಿಗೆ ಬಿಡಿ ಟಿಕೆಟ್ಟು ಹಲವು ಸಲ ಪಾಸಿಗಿಂತ ಅಗ್ಗ, ಆದರೆ ಆ ರೈಲು ತಪ್ಪಿದರೆ ದುಡ್ಡು ಹೋಯಿತು. ಪಾಸಿನವರು ಕೊಳ್ಳುವುದು ಮನಸ್ಸು ಬದಲಿಸುವ ಹಕ್ಕನ್ನು. ಆ ಹಕ್ಕಿಗೂ ಎಲ್ಲೆಡೆ ಒಂದೇ ಬೆಲೆಯಿಲ್ಲ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿಗಳಲ್ಲಿ ಬಹುತೇಕ ರೈಲುಗಳಿಗೆ ಕಾದಿರಿಸಬೇಕಿಲ್ಲ, ಪಾಸು ಹಳೆಯ ಕಾಲದಂತೆಯೇ ನಡೆಯುತ್ತದೆ. ಫ್ರಾನ್ಸ್, ಇಟಲಿ, ಸ್ಪೇನುಗಳ ವೇಗದ ರೈಲಿಗೆ ಪಾಸಿದ್ದರೂ ಸೀಟಿಗೆ ಬೇರೆ ಹಣ ಕಟ್ಟಬೇಕು. ಯೂರೋಸ್ಟಾರಿನಲ್ಲಿ ಪಾಸಿನವರಿಗೆ ಮೀಸಲಾದ ಸೀಟುಗಳೇ ಕೆಲವು.

ಕರ್ನಾಟಕದಿಂದ ಹೊರಡುವ ಕುಟುಂಬಕ್ಕೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಶೆಂಗೆನ್ ವೀಸಾ ಅರ್ಜಿಯ ಜೊತೆಗೇ ಪ್ರವಾಸದ ವೇಳಾಪಟ್ಟಿ, ತಂಗುವ ಜಾಗದ ವಿವರ ಕೊಡಬೇಕಾದ್ದರಿಂದ ಅವರ ತಾರೀಕುಗಳು ಬಹುಮಟ್ಟಿಗೆ ತಿಂಗಳುಗಳ ಮೊದಲೇ ಗಟ್ಟಿಯಾಗಿರುತ್ತವೆ. ಅಂಥವರಿಗೆ ಪಾಸಿನ ಮುಖ್ಯ ಗುಣ ಅಷ್ಟಾಗಿ ಒದಗುವುದಿಲ್ಲ. ಮ್ಯೂನಿಕ್ಕಿನಲ್ಲಿ ಓದುತ್ತಿರುವ ಮಗಳ ಮಾತು ಬೇರೆ. ಈ ಪಾಸುಗಳು ನೋಡುವುದು ಪೌರತ್ವವನ್ನಲ್ಲ, ವಾಸವನ್ನು. ಅವಳಿಗೆ ಇಂಟರ್‌ರೇಲ್, ನೋಡಲು ಬರುವ ಅಪ್ಪ ಅಮ್ಮನಿಗೆ ಯುರೇಲ್. ಶನಿವಾರ ಮಳೆ ಬಂದರೆ ಭಾನುವಾರ ಹೊರಡುವ ಸ್ವಾತಂತ್ರ್ಯ ಅವಳಿಗುಂಟು.

ತಿಂಗಳೊಳಗೆ ನಾಲ್ಕೋ ಐದೋ ಏಳೋ ದಿನ ಆರಿಸಿಕೊಳ್ಳುವ ಪಾಸುಗಳೂ ಇವೆ. ದೂರದ, ದುಬಾರಿ ದಿನಗಳಿಗೆ ಪಾಸನ್ನು ಖರ್ಚು ಮಾಡಿ, ಹತ್ತಿರದ ಊರುಗಳಿಗೆ ನಿಲ್ದಾಣದಲ್ಲೇ ಟಿಕೆಟ್ ಕೊಳ್ಳುವುದು ಇಂದು ಅನುಭವಸ್ಥರು ಹಿಡಿದಿರುವ ದಾರಿ. ರಾತ್ರಿ ರೈಲು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹಿಂದೆ ಸಂಜೆ ಏಳರ ನಂತರ ಹತ್ತಿದರೆ ಅದನ್ನು ಮರುದಿನದ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಈಗ ಹೊರಟ ದಿನವೊಂದೇ ಲೆಕ್ಕಕ್ಕೆ ಬರುತ್ತದೆ, ಬರ್ತಿನ ಹಣ ಮಾತ್ರ ಬೇರೆ.