ಅಗ್ಗಿಷ್ಟಿಕೆ: ಬೆಂಕಿಯಷ್ಟೇ ಅಲ್ಲ, ಹೊಗೆಯ ದಾರಿಯ ಮೇಲೂ ಇರಲಿ ಗಮನ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಭಾಗದ ಹಳೆಯ ಕಾಫಿ ತೋಟದ ಬಂಗಲೆಗಳಲ್ಲಿ ಹಾಗೂ ಬೆಂಗಳೂರು ದಂಡು ಪ್ರದೇಶದ ಅಳಿದುಳಿದ ಮನೆಗಳಲ್ಲಿ ಇಂದಿಗೂ ಕಾಣಸಿಗುವ ಗೋಡೆಯ ಅಗ್ಗಿಷ್ಟಿಕೆ ಬ್ರಿಟಿಷರ ಕಾಲದ ಕೊಡುಗೆ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ತಾಪಮಾನ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ದಾಖಲೆಯಿದೆ. ಅಂದಿನವರಿಗೆ ಅಗ್ಗಿಷ್ಟಿಕೆ ಅಗತ್ಯವಾಗಿದ್ದಿರಬಹುದು. ಇಂದು ಅದು ಬಹುಮಟ್ಟಿಗೆ ಪ್ರವಾಸಿಗರ ಆಕರ್ಷಣೆ. ವರ್ಷದಲ್ಲಿ ಹತ್ತು ಹದಿನೈದು ದಿನ ಮಾತ್ರ ಉರಿಯುವ ಈ ಒಲೆಗಳ ನಿರ್ವಹಣೆಯತ್ತ ಯಾರ ಗಮನವೂ ಹರಿಯುವುದಿಲ್ಲ ಎಂಬುದೇ ಆತಂಕದ ಸಂಗತಿ.

ಕನ್ನಡದಲ್ಲಿ ಅಗ್ಗಿಷ್ಟಿಕೆ ಎಂಬ ಒಂದೇ ಪದ ಕೆಂಡ ತುಂಬಿದ ಪಾತ್ರೆಗೂ ಸಲ್ಲುತ್ತದೆ, ಗೋಡೆಯೊಳಗೆ ಚಿಮಣಿ ಸಹಿತ ಕಟ್ಟಿದ ಒಲೆಗೂ ಸಲ್ಲುತ್ತದೆ. ಆದರೆ ಸುರಕ್ಷತೆಯ ದೃಷ್ಟಿಯಿಂದ ಇವೆರಡರ ನಡುವೆ ಅಜಗಜಾಂತರ. ಮೊದಲನೆಯದಕ್ಕೆ ಹೊಗೆ ಹೊರಹೋಗುವ ಮಾರ್ಗವೇ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಇಟ್ಟುಕೊಂಡು ಮಲಗಿದವರು ಮೃತಪಟ್ಟ ಸುದ್ದಿಗಳು ವರದಿಯಾಗುತ್ತಲೇ ಇರುತ್ತವೆ. ಚಿಮಣಿ ಕಟ್ಟಿಕೊಂಡ ಗೋಡೆಯ ಅಗ್ಗಿಷ್ಟಿಕೆಯೂ ಆ ಅಂಗೀಠಿಗಿಂತ ಹೆಚ್ಚು ಸುರಕ್ಷಿತವೇನಲ್ಲ.

ಕಣ್ಣಿಗೆ ಕಾಣದ ಅನಿಲ

ಸೌದೆ ಅಥವಾ ಇದ್ದಿಲು ಸಾಕಷ್ಟು ಆಮ್ಲಜನಕವಿಲ್ಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಮಲಗಿದ್ದವರಿಗೆ ಈ ಮುನ್ಸೂಚನೆಯೂ ದೊರೆಯುವುದಿಲ್ಲ. ಬಚ್ಚಲುಮನೆಯ ಗ್ಯಾಸ್ ಗೀಸರ್‌ಗಳಿಂದ ರಾಜ್ಯದಲ್ಲಿ ಸಂಭವಿಸಿರುವ ಸಾವುಗಳಿಗೂ ಇದೇ ಅನಿಲ ಕಾರಣ.

ಕೋವಿಡ್ ಕಾಲದಲ್ಲಿ ಬಹುತೇಕ ಮನೆಗಳಿಗೆ ಬಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ಸಂದರ್ಭದಲ್ಲಿ ನಂಬಿಕೆಗೆ ಅರ್ಹವಲ್ಲ. ಕಾರ್ಬನ್ ಮೊನಾಕ್ಸೈಡ್ ಬೆರೆತ ರಕ್ತವನ್ನು ಅದು ಆಮ್ಲಜನಕ ತುಂಬಿದ ರಕ್ತವೆಂದೇ ಅಳೆಯುತ್ತದೆ. ವ್ಯಕ್ತಿ ಅಪಾಯದಲ್ಲಿದ್ದರೂ ಪರದೆಯ ಮೇಲೆ ಶೇ 98 ಎಂದು ಕಾಣಿಸಬಹುದು. ಸಾಮಾನ್ಯ ಹೊಗೆ ಪತ್ತೆ ಸಾಧನ ಕೂಡ ಈ ಅನಿಲವನ್ನು ಗುರುತಿಸದು. ಇದಕ್ಕೆಂದೇ ತಯಾರಾದ ಪ್ರತ್ಯೇಕ ಎಚ್ಚರಿಕೆ ಸಾಧನ ಬೇಕು. ಅತಿಥಿಗಳಿಗೆ ಅಗ್ಗಿಷ್ಟಿಕೆಯಿರುವ ಕೋಣೆ ನೀಡುವ ಹೋಂಸ್ಟೇ ಮಾಲೀಕರು ಮಲಗುವ ಕೋಣೆಯಲ್ಲಿ ಇದನ್ನು ಅಳವಡಿಸುವುದು ದುಂದುವೆಚ್ಚವೆಂದು ಭಾವಿಸಬಾರದು.

ಮುಖ್ಯವಾದ ನಿಯಮ ಒಂದೇ. ಕೆಂಡ ಸಂಪೂರ್ಣ ಆರುವವರೆಗೆ ಚಿಮಣಿಯ ಮುಚ್ಚಳ, ಅಂದರೆ ಡ್ಯಾಂಪರ್ ಮುಚ್ಚಕೂಡದು. ಕಿಟಕಿಯೊಂದನ್ನು ತುಸು ತೆರೆದಿಡಬೇಕು. ಜ್ವಾಲೆ ಅಡಗಿ ಕೆಂಡ ಮಾತ್ರ ಉಳಿದ ಹೊತ್ತಿನಲ್ಲಿ ಹೊಗೆ ಕಾಣುವುದಿಲ್ಲವಾದ್ದರಿಂದ ಜನ ನಿಶ್ಚಿಂತರಾಗುತ್ತಾರೆ. ಅದೇ ಅತ್ಯಂತ ಅಪಾಯದ ಹೊತ್ತು. ಪಕ್ಕದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ ಅದು ಚಿಮಣಿಯ ಗಾಳಿಯನ್ನೇ ಹಿಂದಕ್ಕೆಳೆದು ಹೊಗೆಯನ್ನು ಕೋಣೆಗೆ ತರಬಲ್ಲದು.

ಚಿಮಣಿಯೊಳಗೆ ಏನಿದೆ?

ಹೊಗೆಯಲ್ಲಿರುವ ಟಾರಿನಂಥ ಅಂಶ ತಣ್ಣನೆಯ ಚಿಮಣಿಯ ಗೋಡೆಗೆ ತಾಗಿ ಹೆಪ್ಪುಗಟ್ಟುತ್ತದೆ. ಕ್ರಿಯೋಸೋಟ್ ಎಂದು ಕರೆಯಲಾಗುವ ಇದು ಮೊದಲಿಗೆ ಮಸಿಯಂತೆ ಉದುರುವಂತಿದ್ದು, ಕ್ರಮೇಣ ಹೊಳಪಿನ ಕಪ್ಪು ಪದರವಾಗಿ ಅಂಟಿಕೊಳ್ಳುತ್ತದೆ. ಪದರದ ದಪ್ಪ 3 ಮಿಲಿಮೀಟರ್ ತಲುಪಿತೆಂದರೆ ಶುಚಿಗೊಳಿಸುವ ಕಾಲ ಬಂದಿದೆ ಎಂದರ್ಥ. ನಿರ್ಲಕ್ಷಿಸಿದರೆ ಅದಕ್ಕೇ ಬೆಂಕಿ ಹತ್ತುತ್ತದೆ. ಚಿಮಣಿಯೊಳಗಿನ ಬೆಂಕಿಯ ಶಾಖ 1,000 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಬಿರುಕುಬಿಟ್ಟ ಗಾರೆಯ ಸಂದಿನಿಂದ ಅದು ಮಾಡಿನ ಮರದ ತೊಲೆಗಳಿಗೆ ಹಬ್ಬಿದರೆ ಹಂಚಿನ ಮನೆ ಉಳಿಯುವುದು ದುಸ್ತರ.

ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 211ನೇ ಮಾನದಂಡವು ಚಿಮಣಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂದು ಹೇಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಚಳಿಗಾಲಕ್ಕೆ ಮುನ್ನಿನ ದಿನಗಳು ಸೂಕ್ತ. ಮಲೆನಾಡಿನ ಲೆಕ್ಕ ಬೇರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮನೆಯ ತೇವ ಕಳೆಯಲು ಒಮ್ಮೆ, ಡಿಸೆಂಬರ್–ಜನವರಿಯ ಚಳಿಗೆ ಇನ್ನೊಮ್ಮೆ ಬೆಂಕಿ ಹಾಕುತ್ತಾರೆ. ಬೇಸಿಗೆಯಲ್ಲಿ ಖಾಲಿಬಿದ್ದ ಚಿಮಣಿಯಲ್ಲಿ ಮೈನಾ ಗೂಡು ಕಟ್ಟಿರಬಹುದು, ಪೊಟರೆ ಹುಡುಕುವ ತುಡುವೆ ಜೇನು ಬೀಡುಬಿಟ್ಟಿರಬಹುದು. ಮಳೆ ಮುಗಿದ ಮೇಲೆ ಗಾರೆ ನೀರು ಕುಡಿದು ಸಡಿಲವಾಗಿರಬಹುದು. ಆದ್ದರಿಂದ ಮೇ ತಿಂಗಳಲ್ಲಿ ಶುಚಿಗೊಳಿಸಿ, ನವೆಂಬರ್‌ನಲ್ಲಿ ಮತ್ತೊಮ್ಮೆ ಕಣ್ಣಾಡಿಸುವುದು ಲೇಸು. ಒಲೆಯ ಬಾಯಿಂದ ಮೇಲಕ್ಕೆ ಟಾರ್ಚ್ ಹಾಯಿಸಿದರೆ ಗೂಡು, ಬಿರುಕುಗಳು ಗೋಚರಿಸುತ್ತವೆ. ನೇರ ಚಿಮಣಿಯಾದರೆ ಹಗಲಿನಲ್ಲಿ ಆಕಾಶ ಕಾಣಬೇಕು.

ಇಂಗ್ಲೆಂಡಿನಲ್ಲಿರುವಂತೆ ಚಿಮಣಿ ಗುಡಿಸುವುದನ್ನೇ ವೃತ್ತಿಯಾಗಿಸಿಕೊಂಡವರು ನಮ್ಮಲ್ಲಿ ವಿರಳ. ಸಾಮಾನ್ಯವಾಗಿ ತೋಟದ ಆಳಿಗೋ ಗಾರೆ ಕೆಲಸದವರಿಗೋ ಈ ಕೆಲಸ ಒಪ್ಪಿಸಲಾಗುತ್ತದೆ. ಅವರ ಆರೋಗ್ಯದ ವಿಚಾರವನ್ನು ಮಾಲೀಕರು ಮರೆಯುವಂತಿಲ್ಲ. ಚಿಮಣಿ ಗುಡಿಸುವವರಲ್ಲಿ ಕಾಣುತ್ತಿದ್ದ ವೃಷಣಚೀಲದ ಕ್ಯಾನ್ಸರ್‌ಗೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದರು. ವೃತ್ತಿಯಿಂದ ಬರುವ ಕ್ಯಾನ್ಸರ್ ಕುರಿತ ಆರಂಭಿಕ ದಾಖಲೆಗಳಲ್ಲಿ ಅದೂ ಒಂದು. ಮುಖಗವಸು, ಕೈಗವಸು, ತುಂಬುತೋಳಿನ ಅಂಗಿ ಒದಗಿಸಬೇಕು. ಕೆಲಸ ಮುಗಿದೊಡನೆ ಸ್ನಾನಕ್ಕೆ ಬಿಸಿನೀರೂ ಸಿಗಬೇಕು. ಹಂಚಿನ ಮಾಡು ಏರುವವರಿಗೆ ಸುರಕ್ಷತಾ ಹಗ್ಗವಿಲ್ಲದೆ ಕೆಲಸ ಹಚ್ಚುವುದು ಅಕ್ಷಮ್ಯ.

ದುರಸ್ತಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಒಲೆಯ ಒಳಗೋಡೆಯ ಬಿರುಕಿಗೆ ಮಾಮೂಲಿ ಸಿಮೆಂಟ್ ಮೆತ್ತುವುದು. ಶಾಖಕ್ಕೆ ಅದು ಬಹುಕಾಲ ನಿಲ್ಲದು. ಫೈರ್ ಬ್ರಿಕ್ ಮತ್ತು ಅದಕ್ಕೆ ಹೊಂದುವ ಫೈರ್ ಕ್ಲೇ ಗಾರೆಯೇ ಆಗಬೇಕು. ಚಿಮಣಿಯ ಎತ್ತರ ಮಾಡಿನಿಂದ ಕನಿಷ್ಠ 3 ಅಡಿ ಮೇಲಿದ್ದು, 10 ಅಡಿ ಅಂತರದೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿರಬೇಕು ಎಂಬುದು ಸ್ಥೂಲ ನಿಯಮ. ತುದಿಗೆ ಮಳೆ ತಡೆಯುವ ಟೋಪಿ, ಹಕ್ಕಿ ನುಗ್ಗದಂತೆ ಜಾಲರಿ ಇದ್ದರೆ ಅರ್ಧ ಕೆಲಸ ತಪ್ಪುತ್ತದೆ.

ಸೌದೆಯ ಆಯ್ಕೆ

ಹಸಿ ಸೌದೆಯೇ ಕ್ರಿಯೋಸೋಟ್‌ಗೆ ಮೂಲ. ತೇವಾಂಶ ಶೇ 20ಕ್ಕಿಂತ ಕಡಿಮೆಯಿರುವ ಸೌದೆ ಮಾತ್ರ ಯೋಗ್ಯ. ಕಡಿದ ಮರ ಆ ಸ್ಥಿತಿಗೆ ಬರಲು ಆರು ತಿಂಗಳಿಂದ ಒಂದು ವರ್ಷ ಬೇಕು. ಆದ್ದರಿಂದ ಮಳೆ ನಿಂತ ಕೂಡಲೇ ಸೀಳಿ ಬೇಸಿಗೆಯ ಬಿಸಿಲಿಗೆ ಒಡ್ಡಿ, ಜೂನ್‌ಗೆ ಮುನ್ನ ನೆಲಕ್ಕೆ ತಾಗದಂತೆ ಸೂರಿನಡಿ ಒಟ್ಟಬೇಕು. ಒಣಗಿದ ಎರಡು ಸೀಳುಗಳನ್ನು ಬಡಿದರೆ ಟಣ್ ಎನ್ನುತ್ತದೆ, ಹಸಿಯಾದರೆ ಮಂಕಾದ ಸದ್ದು. ಹಳೆಯ ಕಾಫಿ ಗಿಡದ ಬೊಡ್ಡೆ ಚೆನ್ನಾಗಿ ಉರಿಯುತ್ತದೆ. ಬಣ್ಣ ಬಳಿದ ಅಥವಾ ರಾಸಾಯನಿಕ ಉಣಿಸಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಸುಡಲೇಬಾರದು. ಕಣಗಿಲೆ ಗಿಡದ ಹೊಗೆ ವಿಷಕಾರಿ. ಬೇಗ ಹತ್ತಲೆಂದು ಸೀಮೆಎಣ್ಣೆ, ಪೆಟ್ರೋಲ್ ಸುರಿಯುವವರಿಗೆ ಬುದ್ಧಿ ಹೇಳುವುದು ಮನೆಯವರ ಕರ್ತವ್ಯ. ಚಿಮಣಿ ತಣ್ಣಗಿದ್ದು ಹೊಗೆ ಒಳನುಗ್ಗುತ್ತಿದ್ದರೆ, ಸುರುಳಿ ಸುತ್ತಿದ ಪತ್ರಿಕೆಯೊಂದನ್ನು ಹೊತ್ತಿಸಿ ಒಲೆಯ ಗಂಟಲಿನ ಬಳಿ ಹಿಡಿದರೆ ಗಾಳಿಯ ಸೆಳೆತ ಆರಂಭವಾಗುತ್ತದೆ.

ಒಲೆಯ ಮುಂದೆ ಲೋಹದ ಜಾಲರಿ ತೆರೆ ಇರಲಿ. ಸೋಫಾ, ಪರದೆ, ಜಮಖಾನ ಕನಿಷ್ಠ 3 ಅಡಿ ದೂರವಿರಲಿ. ಸಿಂಥೆಟಿಕ್ ಸೀರೆಯ ಸೆರಗು, ದುಪಟ್ಟಾ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಬೂದಿಯೊಳಗೆ ಕೆಂಡ ಮೂರು ನಾಲ್ಕು ದಿನ ಜೀವಂತವಿರಬಲ್ಲದು. ಅದನ್ನು ಗೋಣಿಚೀಲಕ್ಕೋ ಪ್ಲಾಸ್ಟಿಕ್ ಬಕೆಟ್ಟಿಗೋ ತುಂಬದೆ, ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಹೊರಗಿಟ್ಟು, ಪೂರ್ತಿ ತಣಿದ ಮೇಲೆ ಗಿಡಗಳಿಗೆ ಹಾಕಬಹುದು.

ಇತ್ತೀಚೆಗೆ ನಗರದ ಫ್ಲ್ಯಾಟ್‌ಗಳಿಗೆ ಬಂದಿರುವ ಎಥನಾಲ್ ಅಗ್ಗಿಷ್ಟಿಕೆಗೆ ಚಿಮಣಿಯಿಲ್ಲ. ಅದಕ್ಕೂ ಗಾಳಿಯಾಡುವ ಕೋಣೆ ಬೇಕು. ಅದು ಬಿಸಿಯಿರುವಾಗ ಇಂಧನ ಮರುತುಂಬಿಸಿದರೆ ಭುಗಿಲೇಳುವ ಅಪಾಯವಿದೆ.

ಚಿಮಣಿಯಿಂದ ರೈಲು ಹಾದುಹೋದಂತೆ ಮೊರೆತ ಕೇಳಿದರೆ, ತುದಿಯಲ್ಲಿ ಕಿಡಿ ಹಾರಿದರೆ ಒಳಗೆ ಬೆಂಕಿ ಹತ್ತಿದೆ ಎಂದೇ ತಿಳಿಯಬೇಕು. ಮೊದಲು ಮನೆಯವರೆಲ್ಲ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಚಿಮಣಿಗೆ ನೀರು ಸುರಿಯಬಾರದು, ಕಾದ ಇಟ್ಟಿಗೆ ಸೀಳುತ್ತದೆ. ಸಾಧ್ಯವಿದ್ದರೆ ಮಾತ್ರ ಒಲೆಯ ಬೆಂಕಿಗೆ ಮರಳು ಎರಚಬಹುದು. ಅಗ್ಗಿಷ್ಟಿಕೆಯಿರುವ ಕೋಣೆಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಕಿಟಕಿ ಬಾಗಿಲು ತೆರೆದು, ಅವರನ್ನು ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು. ಕೋಣೆಯಲ್ಲಿ ಕೆಂಡವಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.